ಅತ್ತೆಯವರ ಆರು ಸೆಲ್ಲಿನ ಟೆನಿಸ್

ಎಂಬತ್ತರ ದಶಕದಲ್ಲಿ ಅಜ್ಜಂಪುರದ ಟೆನಿಸ್ ಚಾಂಪಿಯನ್ ಯಾರಾಗಿದ್ದರು, ಹೇಳಿ ನೋಡೋಣ? ನಮ್ಮ ಅತ್ತೆ! ಪ್ಲೀಸ್, ನಗಬೇಡಿ. ಅರವತ್ತೈದರ ಈ ಚಾಂಪಿಯನ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣೆಯ ಮೇಲಿಂದ ಏಳದೆಯೇ ಮನೆಮಂದಿಯನ್ನೆಲ್ಲ ಸೋಲಿಸಿದವರು. ಕೋರ್ಟ್ ಇದ್ದದ್ದು ನಮ್ಮ ಬ್ಲಾಕ್ ಅಂಡ್ ವೈಟ್ ಟಿವಿಯೊಳಗೆ.

ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ನಮ್ಮ ಮಕ್ಕಳಿಗೆಂದು ಅಮೆರಿಕದಿಂದ ಒಂದು ವಿಡಿಯೋ ಗೇಮ್ ತಂದಿದ್ದ. ಪೆಟ್ಟಿಗೆಯ ಮೇಲೆ ತಿರುಗಿಸುವ ಎರಡು ನಾಬ್, ಟಿವಿಯಲ್ಲಿ ಎರಡು ಬಿಳಿ ಗೆರೆ, ಅವುಗಳ ನಡುವೆ ಪುಟಿಯುವ ಒಂದು ಬಿಳಿ ಚುಕ್ಕೆ. ಅಷ್ಟೇ ಟೆನಿಸ್. ಆ ವರ್ಷವೇ ಅತ್ತೆಗೆ ಸಣ್ಣದಾಗಿ ಲಕ್ವ ಹೊಡೆದು ಎಡಗೈ ಬೆರಳುಗಳು ಮಡಚಿಕೊಂಡಿದ್ದವು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೇ ಪೂಜೆ ಮಾಡಬೇಕಲ್ಲವೆ? ಆ ಅಂಗೈ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ನಡುಗುತ್ತಿತ್ತು. ಹಾಗಾಗಿ ದಿನಾ ಬೆಳಗ್ಗೆ ಅವರ ಕೈ ಕೆಳಗೆ ನಾನು ಕೈ ಕೊಡಬೇಕಾಯಿತು. ಒಂದು ಲೋಟ ನೀರನ್ನೂ ಇನ್ನೊಬ್ಬರಿಂದ ತರಿಸಿಕೊಳ್ಳದ ಹೆಂಗಸು! ಲಕ್ವಕ್ಕಿಂತ ಸೊಸೆಯ ಹಂಗೇ ಅವರಿಗೆ ಹೆಚ್ಚು ನೋಯುತ್ತಿತ್ತು.

ಡಾಕ್ಟರು ಎಕ್ಸರ್ಸೈಜಿಗೆಂದು ಒಂದು ರಬ್ಬರ್ ಚೆಂಡು ಕೊಟ್ಟರು. ಸಂಜೆಯೊಳಗೆ ಅದು ಪಕ್ಕದ ಮನೆಯ ಕೂಸಿನ ಬಾಯಲ್ಲಿತ್ತು. ಆದರೆ ವಿಡಿಯೋ ಗೇಮಿನ ನಾಬನ್ನು ಮಾತ್ರ ಅತ್ತೆ ಎಡಗೈಯಲ್ಲೇ ತಿರುಗಿಸಿದರು. ಯಾಕೆಂದು ಕೇಳಿದ್ದಕ್ಕೆ, "ಬಲಗೈಲಿ ಆಡಿದ್ರೆ ನೀವೆಲ್ಲಾ ಅಳ್ತೀರ ಕಣೇ" ಎಂದರು. ತಿಂಗಳೊಪ್ಪತ್ತಿನಲ್ಲಿ ಬೆರಳುಗಳು ಒಂದೊಂದಾಗಿ ಸಡಿಲವಾಗತೊಡಗಿದವು.

ಅಷ್ಟರಲ್ಲಿ ಅನಾಹುತ. ಅಮೆರಿಕದ ಕರೆಂಟಿನ ಜೋರು ನಮ್ಮದರ ಅರ್ಧದಷ್ಟೇ. ನಮ್ಮ ಕರೆಂಟಿನ ಸೊಕ್ಕಿಳಿಸಲೆಂದು ತಮ್ಮ ಇಟ್ಟಿಗೆಯಷ್ಟು ತೂಕದ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕೊಟ್ಟಿದ್ದ. ಒಂದು ಮಧ್ಯಾಹ್ನ ಅತ್ತೆ ಅದನ್ನು ಬಿಚ್ಚಿ ಬದಿಗಿಟ್ಟು, ಗೇಮನ್ನು ನೇರವಾಗಿ ಕರೆಂಟಿಗೇ ಸಿಕ್ಕಿಸಿದರು. ಬುಸ್ಸೆಂದು ಹೊಗೆ! ಟ್ರಾನ್ಸ್‌ಫಾರ್ಮರ್ ಎಲ್ಲಿ? ಮಿಡಿಮಾವಿನ ಭರಣಿಯೊಳಗೆ, ಮಿಡಿಗಳ ಮೇಲೆ ಮುಚ್ಚಿದ ತಟ್ಟೆಯ ಮೇಲೆ, ಗಂಭೀರವಾಗಿ ಕೂತಿತ್ತು.

"ಮಿಡಿ ತೇಲ್ತಿದ್ವು ಕಣೇ. ಭಾರ ಬೇಕಿತ್ತು."

ಇದು ತಪ್ಪೊಪ್ಪಿಗೆ ಎಂದುಕೊಂಡಿರೇನು? ನೋ, ನೋ. ತಪ್ಪೆಲ್ಲ ಮಿಡಿಯದು.

ಗೇಮಿನ ಕಂಪನಿಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟ್ ಸ್ಕೂಲಿನ ಸಿಸ್ಟರ್‌ಗಳು ತಿದ್ದಿಸಿದ ದುಂಡು ಅಕ್ಷರದಲ್ಲಿ ಬಲು ಪೊಲೈಟ್ ಆದ ಲೆಟರ್ ಬರೆದೆ. ಎರಡು ತಿಂಗಳ ಮೇಲೆ ಅದಕ್ಕಿಂತ ಪೊಲೈಟ್ ಆದ ಉತ್ತರ ಬಂತು: ಈ ಮಾಲನ್ನು ಮಾರಿದ ದೇಶದಲ್ಲಷ್ಟೇ ರಿಪೇರಿ ಮಾಡಲಾಗುವುದು, ನಿಮ್ಮ ಸೀಮೆಯಲ್ಲಿ ನಮ್ಮವರು ಯಾರೂ ಇಲ್ಲ. ಕನ್ನಡದಲ್ಲಿ ಹೇಳಿದೆ. ಅತ್ತೆಗೆ ಅವಮಾನವಾಯಿತು. "ರೈಲು ನಿಲ್ಲೋ ಊರು ಅಂತ ಬರಿಲಿಲ್ವಾ ನೀನು?"

ಬರೆದಿರಲಿಲ್ಲ. ನನ್ನದೇ ತಪ್ಪು!

ಈ ಎರಡು ತಿಂಗಳಲ್ಲಿ ಬೆರಳುಗಳು ಮತ್ತೆ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಒಂದು ಬೆಳಗ್ಗೆ ಅತ್ತೆ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, "ನಡಿಯೇ ತರೀಕೆರೆಗೆ" ಎಂದರು.

ತರೀಕೆರೆಯ ಬಸ್‌ಸ್ಟ್ಯಾಂಡಿನ ಎದುರಿನ ರೇಡಿಯೋ ರಿಪೇರಿಯವನು ಮುಚ್ಚಳ ತೆಗೆದವನೇ ಹೌಹಾರಿದ. ಫಾರಿನ್ ಮಾಲು, ಸರ್ಕ್ಯೂಟ್ ಡಯಾಗ್ರಾಮ್ ಇಲ್ಲದೆ ಮುಟ್ಟಲಾರೆ ಎಂದ. ಅತ್ತೆ ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಸೂಲಗಿತ್ತಿ ಏನು ಡಯಾಗ್ರಾಮ್ ನೋಡಿ ನಿನ್ನನ್ನ ಹೊರಕ್ ತೆಗೆದ್ಲೇನಪ್ಪಾ?"

ಮೈ ಗಾಡ್! ಟೀ ಕುಡಿಯುತ್ತಿದ್ದ ಗಿರಾಕಿಗೆ ನೆತ್ತಿಗೇರಿತು. ಮುಚ್ಚಳವಂತೂ ಮುಚ್ಚಿಯೇ ಹೋಯಿತು.

ಮರುವಾರ ಕಡೂರು. ಅಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಮುದುಕರೊಬ್ಬರಿದ್ದರು. ಅಮೆರಿಕದ ಹೆಸರು ಕೇಳಿ ಅವರೇನೂ ಬೆದರಲಿಲ್ಲ. ಮೂಸಿ ನೋಡಿದರು, ಕನ್ನಡಕ ಒರೆಸಿದರು, ಸುಟ್ಟದ್ದು ಕರೆಂಟಿನ ಭಾಗ ಮಾತ್ರ ಎಂದರು. ಒಳಗಿನ ಯಂತ್ರಕ್ಕೆ ಬೇಕಾದದ್ದು ಬರೀ ಒಂಬತ್ತು ವೋಲ್ಟು. ಸುಟ್ಟದ್ದನ್ನು ಕತ್ತರಿಸಿ ಎಸೆದು, ಆರು ಟಾರ್ಚ್ ಸೆಲ್ಲುಗಳನ್ನು ಸಾಲಾಗಿಟ್ಟು, ಸೈಕಲ್ ಟ್ಯೂಬಿನಿಂದ ಬಿಗಿದು ಕೊಟ್ಟರು.

"ತಗೊಳ್ಳಿ ಅವ್ವಾ. ಇನ್ನು ಇದು ಯಾವ ದೇಶದ ಕರೆಂಟನ್ನೂ ಕೇಳಲ್ಲ."

"ನನ್ನಂಗೆ" ಎಂದರು ಅತ್ತೆ.

ಆ ಸಂಜೆಯೇ ನನ್ನನ್ನು ಹೀನಾಯವಾಗಿ ಸೋಲಿಸಿದರು. ಮಾರನೆಯ ದಿನ ನನ್ನ ಯಜಮಾನರನ್ನು. ಒಮ್ಮೆ ನಾನು ಬೇಕೆಂದೇ ಸೋತೆ. ಅದು ಗೊತ್ತಾಗಿ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಪೂಜೆಯ ಹೊತ್ತಿಗೆ ಮಾತ್ರ ಕೈ ಚಾಚುತ್ತಿದ್ದರು, ಮುಖ ಬೇರೆ ಕಡೆ.

ಶ್ರಾವಣದ ಒಂದು ಸೋಮವಾರ, ಎಂದಿನಂತೆ ಪಕ್ಕದಲ್ಲಿ ಕೂತು ಕೈ ಕೊಟ್ಟಿದ್ದೆ. ಅವರ ಅಂಗೈ ತಾನಾಗಿಯೇ ಬಿಚ್ಚಿಕೊಂಡಿತು, ಐದೂ ಬೆರಳು. ಲಿಂಗ ಅದರಲ್ಲಿ ಅಲುಗದೆ ಕೂತಿತು. ವಿಭೂತಿ ಧರಿಸಿದರು, ಪತ್ರೆ ಏರಿಸಿದರು. ನಡುಕವಿಲ್ಲ. ಅವರಿಗೆ ಇನ್ನು ನನ್ನ ಹಂಗಿಲ್ಲ ಎಂದುಕೊಂಡು ಸದ್ದಿಲ್ಲದೆ ನನ್ನ ಕೈ ಹಿಂದಕ್ಕೆ ಎಳೆದುಕೊಂಡೆ.

"ಯಾಕೇ ತೆಗ್ದೆ?"

"ಇನ್ನು ಬೇಡವಲ್ಲ, ಅತ್ತೆ."

"ಬೇಕೋ ಬೇಡ್ವೋ ನಾನ್ ಹೇಳ್ತೀನಿ. ಇಡು."

ಇಟ್ಟೆ. ಅವರು ಬದುಕಿದ್ದಷ್ಟು ವರ್ಷವೂ, ದಿನಾ ಬೆಳಗ್ಗೆ ಇಟ್ಟೆ. ನನ್ನ ಕೈಮೇಲೆ ಭಾರವೇ ಬೀಳುತ್ತಿರಲಿಲ್ಲ, ಬರೀ ಬಿಸುಪು.