ಚಾಚಾನ ಕಣ್ಣು, ನಮ್ಮೆಲ್ಲರ ಜೀವ

ಬಸ್ಸಿನ ನೌಕರಿ ಮಾಡಿದವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ದಿನಕ್ಕೊಂದು ತಾನಾಗಿಯೇ ಹತ್ತಿ ಕೂರುತ್ತದೆ, ಟಿಕೇಟನ್ನೂ ತೆಗೆಸುವುದಿಲ್ಲ. ಆದರೆ ನನ್ನ ಪ್ರಸಂಗಗಳನ್ನು ಕೇಳಿ ಮಂದಿ ಹೊಟ್ಟೆ ಹಿಡಿದುಕೊಂಡು ನಗುವಾಗ ನಾನು ಇಂದಿಗೂ ಪೂರ್ತಿ ನಗಲಾರೆ. ಐವತ್ತರ ದಶಕದಲ್ಲಿ ನಾನು ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಡ್ರೈವರು ನನಗಿಂತ ಬಹಳ ಹಿರಿಯರು, ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರ ಕಣ್ಣು ಮಂಜಾಗುತ್ತಿತ್ತು. ಅದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಇಂಡಿ ದಾರಿಯ ಪ್ಯಾಸೆಂಜರ್

ಒಂದು ದಿನ ಇಂಡಿ ದಾಟಿದ ಮೇಲೆ ಚಾಚಾ ಬಸ್ಸು ನಿಲ್ಲಿಸಿ ಹಾರ್ನ್ ಹೊಡೆದರು. ಯಾರೂ ಹತ್ತಲಿಲ್ಲ.

"ತಮ್ಮಾ, ಕಂಬಳಿ ಹೊತ್ಕೊಂಡು ಯಾರೋ ನಿಂತಾರ ನೋಡು. ಮುದುಕ ಇರಬೇಕು, ಕೈ ಹಿಡದು ಹತ್ತಸು" ಎಂದರು.

ಇಳಿದು ಹೋಗಿ ನೋಡಿದೆ. ಅರ್ಧ ಕಡಿದ ಜಾಲಿಮರದ ಬೊಡ್ಡೆ. ಅದರ ಮೇಲೆ ಕುರಿ ಕಾಯುವವರು ಯಾರೋ ಕಂಬಳಿ ಒಣಹಾಕಿದ್ದರು. ಕಿಟಕಿಯಿಂದ ಒಬ್ಬ ಕೂಗಿದ: "ಕಂಡಕ್ಟರ್ರ, ಅವಂಗ ಅರ್ಧಾ ಟಿಕೇಟ ಹರೀರಿ, ಕಾಲಿಲ್ಲ ಅವಂಗ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆದರೆ ಸೀಟಿ ಬಾಯಿಗಿಟ್ಟವನು ಊದಲು ಮರೆತೆ. ಬೊಡ್ಡೆ ಮನುಷ್ಯನಂತೆ ಕಂಡರೆ ಚಿಂತೆಯಿಲ್ಲ, ಬಸ್ಸು ನಿಲ್ಲುತ್ತದೆ. ಮನುಷ್ಯನೇ ಬೊಡ್ಡೆಯಂತೆ ಕಂಡರೆ?

ಸಿಂದಗಿಯ ಗ್ಲಾಸು

ಚಾಚಾ ತಪ್ಪನ್ನು ಮುಂದಿನ ಗ್ಲಾಸಿನ ಮೇಲೆ ಹಾಕಿದರು. "ಗ್ಲಾಸ ಮಾಸೈತಿ, ಅದಕ್ಕ ಮಂಜ ಕಾಣತೈತಿ" ಎಂದು ದಿನಾ ತಕರಾರು. ಬೇಸತ್ತ ಮಾಲಕ ಸಿಂದಗಿಯಲ್ಲಿ ಮಿಸ್ತ್ರಿಗೆ ಹೇಳಿ ಹೊಸ ಗ್ಲಾಸು ಹಾಕಿಸಲು ಒಪ್ಪಿದ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಮಿಸ್ತ್ರಿ ಕೆಲಸ ಶುರು ಮಾಡಿದ್ದ. ಚಾಚಾ ಸ್ಟೇರಿಂಗ್ ಮುಂದೆ ಕೂತು ಕಣ್ಣು ಕಿರಿದು ಮಾಡಿ ನೋಡಿದರು.

"ಹೊಸಾದೂ ಹಂಗ ಐತಲ್ಲೋ ಮಿಸ್ತ್ರಿ. ಇದೂ ಮಂಜು."

ಮಿಸ್ತ್ರಿ ಹೊರಗಿನಿಂದಲೇ ಕೈ ತೂರಿಸಿ ಅವರ ಮೂಗು ಮುಟ್ಟಿದ. "ಸಾಹೇಬ್ರ, ಹಳೇದು ತಗದೇನಿ. ಹೊಸಾದು ಇನ್ನೂ ಹಾಕಿಲ್ಲ."

ಅಂದು ಚಾಚಾ ನನ್ನನ್ನು ಬದಿಗೆ ಕರೆದರು. "ಮಾಲಕಗ ಹೇಳಬ್ಯಾಡ ತಮ್ಮಾ. ಸ್ಟೇರಿಂಗ್ ಬಿಟ್ರ ನನಗ ಬ್ಯಾರೆ ಕೆಲಸ ಬರೂದಿಲ್ಲ. ಮನ್ಯಾಗ ಒಲಿ ಹತ್ತೂದಿಲ್ಲ." ನಾನು ಹೇಳಲಿಲ್ಲ. ಹೇಳದೆ ಇದ್ದುದಕ್ಕೆ ನನಗೆ ನಿದ್ದೆಯೂ ಬರಲಿಲ್ಲ.

ಮುದ್ದೇಬಿಹಾಳದ ಪುಣ್ಯ

ಮುಂದೆ ನಮ್ಮನ್ನು ಮುದ್ದೇಬಿಹಾಳ–ವಿಜಾಪುರ ದಾರಿಗೆ ಹಾಕಿದರು. ಮುದ್ದೇಬಿಹಾಳದ ಚಹಾದಂಗಡಿಯಲ್ಲಿ ಸಂಜೆ ಗ್ಯಾಸಬತ್ತಿ ಹಚ್ಚಿದಾಗ ಚಾಚಾ ಅದನ್ನೇ ನೋಡುತ್ತ ಕೂತರು.

"ಬತ್ತಿ ಸುತ್ತ ಬಣ್ಣಬಣ್ಣದ ಬಳಿಗೋಳು ಕಾಣಾಕತ್ತಾವಲ್ಲೋ."

ಅಂಗಡಿಯವನು ಕಪ್ಪು ಕೆಳಗಿಟ್ಟು ಕೈ ಮುಗಿದ. "ಅದು ಪುಣ್ಯವಂತರಿಗಷ್ಟ ಕಾಣೂದ್ರಿ ಸಾಹೇಬ್ರ. ಇವತ್ತಿನ ಚಹಾ ನಂದು." ಮರುದಿನ ಇಬ್ಬರು ಮುದುಕರು ಬಂದು ಚಾಚಾನಿಂದ ತಲೆಯ ಮೇಲೆ ಕೈ ಇಡಿಸಿಕೊಂಡು ಹೋದರು. ಚಾಚಾ ಒಂದು ಕೈ ಅವರ ತಲೆಯ ಮೇಲಿಟ್ಟು, ಇನ್ನೊಂದರಿಂದ ತಮ್ಮ ತಲೆ ಒತ್ತಿಕೊಳ್ಳುತ್ತಿದ್ದರು. ಪುಣ್ಯ ಏರಿದಂತೆಲ್ಲ ತಲೆಶೂಲೆಯೂ ಏರುತ್ತಿತ್ತು.

ಬಾಗೇವಾಡಿಯಲ್ಲಿ ಹತ್ತಿದವರು

ಒಂದು ಮುಂಜಾನೆ ಬಸವನ ಬಾಗೇವಾಡಿಗೆ ಬರುವಷ್ಟರಲ್ಲಿ ಚಾಚಾನ ಎಡಗಣ್ಣು ಕೆಂಡದಂತಾಗಿತ್ತು. ಇಳಿದು ವಾಂತಿ ಮಾಡಿಕೊಂಡರು. "ಇಲ್ಲೇ ನಿಂದರಸೂಣ್ರಿ ಚಾಚಾ" ಎಂದು ಬೇಡಿಕೊಂಡೆ. "ವಿಜಾಪುರ ಮುಟ್ಟಿಸ್ತೇನಿ. ಅಲ್ಲಿ ಕಣ್ಣಿನ ಡಾಕ್ಟರಗ ತೋರಸೂಣು" ಎಂದು ಹತ್ತಿ ಕೂತೇ ಬಿಟ್ಟರು.

ಬಸ್ಸು ತುಂಬಿ ತುಳುಕುತ್ತಿತ್ತು, ನಾನು ಹಿಂದಿನ ಬಾಗಿಲಲ್ಲಿ. ನಮ್ಮ ಬಸ್ಸಿನಲ್ಲಿ ಡ್ರೈವರನ ಪಕ್ಕದ ಸೀಟು ಯಾವಾಗಲೂ ವಯಸ್ಸಾದವರಿಗೆ ಮೀಸಲು. ಅಂದು ಅಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಸೊಸೆ ಕೈ ಹಿಡಿದು ಹತ್ತಿಸಿದ್ದಳು. ನಾನು ಹೊರಗಿನಿಂದಲೇ ಹೋಗಿ ಮೆಲ್ಲಗೆ ಹೇಳಿದೆ: "ಯವ್ವಾ, ಡ್ರೈವರರ ಕಣ್ಣಾಗ ಧೂಳ ಬಿದ್ದೈತಿ. ಮುಂದ ಏನರ ಬಂದ್ರ ಸ್ವಲ್ಪ ಹೇಳ್ತೀರಿ?"

"ಹೇಳ್ತೇನಿ ತಗೋ. ಅದರಾಗೇನೈತಿ?"

ದಾರಿಯುದ್ದಕ್ಕೂ ಅವರ ಗಟ್ಟಿ ಧ್ವನಿ ನನಗೆ ಹಿಂದೆ ಕೇಳುತ್ತಿತ್ತು. "ಬಂಡಿ ಬಂತು, ಎಡಕ್ಕ ತಗೊ." "ಕುರಿ ಬಂದಾವು, ತಡಿ." ಚಾಚಾ ಎತ್ತಿನ ಬಂಡಿಗಿಂತ ಒಂದಿಷ್ಟು ಜೋರಾಗಿ, ಅವರು ಹೇಳಿದ ಹಾಗೆ ಹೊಡೆದರು. ಒಂದೂ ತಪ್ಪಲಿಲ್ಲ. ನಡುದಾರಿಯ ಮನಗೂಳಿ ಊರು ದಾಟಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ವಿಜಾಪುರ ಮುಟ್ಟಿದೊಡನೆ ಚಾಚಾನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದೆ.

ಡಾಕ್ಟರು ಪರೀಕ್ಷೆ ಮಾಡಿ ಸಿಡಿದುಬಿದ್ದರು. "ಮಂಜು ಅಂದ್ರ ಎಲ್ಲಾ ಒಂದ ಅಲ್ರಿ. ವಯಸ್ಸಾದ್ರ ಚಾಳೀಸು ಬರತೈತಿ, ಅದಕ್ಕ ಚಸ್ಮಾ ಸಾಕು. ಮೋತಿಬಿಂದು, ಅಂದ್ರ ಕಣ್ಣಿನ ಪೊರಿ, ಮೆಲ್ಲಕ ಬರತೈತಿ. ಸಕ್ಕರಿ ಜಡ್ಡಿನ್ಯಾಗೂ ಮಂಜಾಗತೈತಿ. ಆದ್ರ ದೀಪದ ಸುತ್ತ ಬಣ್ಣ ಕಂಡು, ಕಣ್ಣು ಕೆಂಪಾಗಿ, ತಲಿ ಸಿಡದ್ರ ಅವತ್ತ ಓಡಿ ಬರಬೇಕು. ಕಣ್ಣಿನೊಳಗ ಒತ್ತಡ ಏರಿರತೈತಿ. ಹೋದ ದೃಷ್ಟಿ ತಿರುಗಿ ಬರೂದಿಲ್ಲ."

ಎಡಗಣ್ಣಿನದು ಬಹಳಷ್ಟು ಹೋಗಿತ್ತು. ಬಲಗಣ್ಣು ಉಳಿಯಿತು. ಚಾಚಾ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಮುಂದೆ ಮಾಲಕ ಅವರನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡ, ಒಲೆ ಆರಲಿಲ್ಲ.

"ಇಂಥಾ ಕಣ್ಣಿಟ್ಕೊಂಡು ಬಸ್ ಹೆಂಗ ತಂದ್ರಿ?" ಎಂದು ಅಂದು ಪರೀಕ್ಷೆ ಮುಗಿದಾಗ ಡಾಕ್ಟರು ಕೇಳಿದರು.

ನಾನು ಎದೆಯುಬ್ಬಿಸಿ ಹೇಳಿದೆ: "ಒಬ್ಬ ಅಜ್ಜಿ ದಾರಿ ಹೇಳಿದ್ರು ಸಾಹೇಬ್ರ. ಅಂಥಾ ಚುರುಕ ಕಣ್ಣು ನಾ ನೋಡಿಲ್ಲ."

ಅಷ್ಟರಲ್ಲಿ ಸರದಿಯ ಮುಂದಿನ ರೋಗಿಯನ್ನು ಸೊಸೆ ಕೈ ಹಿಡಿದು ಒಳಗೆ ಕರೆತಂದಳು. ಅದೇ ಅಜ್ಜಿ.

"ಎರಡೂ ಕಣ್ಣಿಗೆ ಮೋತಿಬಿಂದು" ಎಂದರು ಡಾಕ್ಟರು ಅವರ ಕಣ್ಣು ನೋಡಿ. "ಯಾವಾಗಿಂದ ಕಾಣೂದಿಲ್ಲ ಯವ್ವಾ?"

"ಹೋದ ದೀಪಾವಳಿಗೆ ದೀಪಾನೂ ಕಾಣಲಿಲ್ಲಪಾ."

ನಾನು ನಡುವೆ ಬಾಯಿ ಹಾಕಿದೆ. "ಯವ್ವಾ, ಮತ್ತ ಬಂಡಿ? ಕುರಿ?"

"ಕಂಡಕ್ಟರಪ್ಪ ಅಲ್ಲೇನು?" ಅಜ್ಜಿ ನನ್ನ ದನಿ ಬಂದ ಕಡೆ ತಿರುಗಿದರು. "ಎತ್ತಿನ ಗೆಜ್ಜಿ ಕೇಳೂದಿಲ್ಲೇನು? ಕುರಿ ಒದರೂದಿಲ್ಲೇನು? ಕೇಳಿದ್ದು ಹೇಳಿದೆ."

"ಸಪ್ಪಳ ಮಾಡಲಾರದ್ದು ಏನರ ಅಡ್ಡ ಬಂದಿದ್ರ?"

"ಅದಕ್ಯಾಕ ಅಂಜಬೇಕು?" ಎಂದರು ಅಜ್ಜಿ. "ಡ್ರೈವರ ನೋಡಾಕತ್ತಾನಲ್ಲ ಅಂತ ನಾ ಧೈರ್ಯಾಗಿ ಕುಂತಿದ್ದೆ."