ಅಮೃತಶಿಲೆಯ ಫಲಕವೂ ಆರು ಮೀನುಗಳೂ

ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ತಾತ್ಕಾಲಿಕ, ಫಲಕ ಖಾಯಂ. ಇದು ಆಡಳಿತ ಬಲ್ಲ ಯಾರಾದರೂ ಒಪ್ಪುವ ಮಾತು.

ನಿವೃತ್ತ ಸೂಪರಿಂಟೆಂಡೆಂಟರು ತಮ್ಮ ಹಜಾರದ ತೊಟ್ಟಿಯನ್ನು ಉದ್ಘಾಟಿಸಿದ ದಿನವೇ ಅದರೊಳಗೆ ಅಮೃತಶಿಲೆಯ ಫಲಕವೊಂದನ್ನು ಇಳಿಸಿದ್ದರು. ಮೇಲೆ ಅವರ ಹೆಸರು, ಹುದ್ದೆ, ದಿನಾಂಕ. ಮೂವತ್ತೆರಡು ವರ್ಷದ ಸೇವೆಯಲ್ಲಿ ನೂರಾರು ಫಲಕಗಳಿಗೆ ಪರದೆ ಕಟ್ಟಿಸಿದವರು. ಒಂದರ ಮೇಲೂ ಅವರ ಹೆಸರಿರಲಿಲ್ಲ.

ಮೂರನೇ ವಾರ ಹೆಂಡತಿಯ ಪ್ರೀತಿಯ ಆರು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮೀನಿನಂಗಡಿಯವನು ಬಂದು ನೀರಿಗೆ ಪರೀಕ್ಷೆಯ ಹನಿ ಹಾಕಿ ಎಣಿಸಿದ. ಎಂಟು ಹನಿಗೆ ತಿರುಗಬೇಕಾದ ಬಣ್ಣ ಇಪ್ಪತ್ತಮೂರಾದರೂ ತಿರುಗಲಿಲ್ಲ.

"ನೀರು ವಿಪರೀತ ಗಡಸು ಸಾರ್. ಪಿಎಚ್ಚೂ ಎಂಟು ದಾಟಿದೆ, ಈ ಮೀನಿಗೆ ಏಳೇ ಜಾಸ್ತಿ. ಆ ಕಲ್ಲು ಕರಗ್ತಾ ಇದೆ, ತೆಗೆದುಬಿಡಿ."

"ಯಾವ ಕಲ್ಲು?"

"ಅದೇ ಸಾರ್, ನಿಮ್ಮ ಹೆಸರಿರೋದು."

"ಅದು ಕಲ್ಲಲ್ಲ, ಫಲಕ."

ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಗಾಜಿನ ಮೇಲೆ ಸುತ್ತೋಲೆ ಅಂಟಿತು: "ಪಿಎಚ್ ಏಳನ್ನು ಮೀರತಕ್ಕದ್ದಲ್ಲ. ಮೀರಿದಲ್ಲಿ ನೀರು ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ನೀರು ಸಮಜಾಯಿಷಿ ಕೊಡಲಿಲ್ಲ. ಶಿಸ್ತುಕ್ರಮವಾಗಿ ಅರ್ಧ ಲೋಟ ವಿನೆಗರ್ ಸುರಿಯಲಾಯಿತು. ಪಿಎಚ್ ಸರ್ರನೆ ಇಳಿಯಿತು. ಫಲಕದಿಂದ ಗುಳುಗುಳು ಗುಳ್ಳೆ ಎದ್ದವು.

"ನೋಡಿದ್ಯೇನೇ, ಫಲಕ ಉಸಿರಾಡ್ತಿದೆ!"

"ನನ್ನ ಮೀನು ಉಸಿರಾಡಿದ್ರೆ ಸಾಕಿತ್ತು ರೀ."

ಮರುದಿನ ನೋಡಿದರೆ ಪಿಎಚ್ ಮತ್ತೆ ಎಂಟು. ಗಡಸು ಮೂವತ್ತು ಹನಿ. ಮತ್ತೆ ವಿನೆಗರ್, ಮತ್ತೆ ಗುಳ್ಳೆ. ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೇ ದಿನ ಒಂದು ಮೀನು ಪಕ್ಕಕ್ಕೆ ವಾಲಿತು. ಹೆಂಡತಿ ಸೆರಗು ಬಿಗಿದಳು.

"ಸಂಜೆಯೊಳಗೆ ಆ ಕಲ್ಲು ಹೋಗ್ಬೇಕು. ಇಲ್ಲಾಂದ್ರೆ ನನ್ನ ಮೀನು ಹೋಗ್ತವೆ!"

ಕಡತದಲ್ಲಿ ಎರಡು ಆಯ್ಕೆ ಬಂದರೆ ಯಾವುದಕ್ಕೆ ರುಜು ಹಾಕಬೇಕೆಂಬುದು ಸಾಹೇಬರಿಗೆ ಗೊತ್ತಿಲ್ಲದ್ದೇ? ಕೂಡಲೇ ಆದೇಶ ಹೊರಟಿತು: "ಆಡಳಿತಾತ್ಮಕ ಕಾರಣಗಳಿಗಾಗಿ ಆರೂ ಮೀನುಗಳನ್ನು ಅಡುಗೆಮನೆಯ ನೀಲಿ ಬಕೆಟ್ಟಿಗೆ ವರ್ಗಾಯಿಸಲಾಗಿದೆ."

ಹೆಂಡತಿ ಬಕೆಟ್ಟಿಗೆ ಲೋಟ ಲೋಟವಾಗಿ ಮಳೆನೀರು ಬೆರೆಸಿದಳು. ವಾಲಿದ ಮೀನೂ ಎದ್ದು ಬಾಲ ಬೀಸಿತು.

ಹಜಾರದಲ್ಲಿ ಈಗ ಫಲಕ ಒಂದೇ. ಬಂದ ನೆಂಟರು ಕೈಕಟ್ಟಿ ನಿಂತು, "ಎಂಥಾ ಗಾಂಭೀರ್ಯ!" ಅನ್ನುತ್ತಾರೆ. ಮೀನೆಲ್ಲಿ ಎಂದು ಒಬ್ಬರೂ ಕೇಳಿಲ್ಲ. ವಿನೆಗರ್ ಏಟಿಗೆ ಅಕ್ಷರಗಳು ಸವೆದದ್ದನ್ನು ಕಂಡ ಅಂಗಡಿಯವನಿಗೂ ಈಗ ಬುದ್ಧಿ ಬಂದಿದೆ.

"ಫಲಕ ಸೊರಗಿದೆ ಸಾರ್. ಎರಡು ಹೊತ್ತೂ ಒಂದೊಂದು ಚಿಟಿಕೆ ಆಹಾರ ಹಾಕಿ."

ಸಾಹೇಬರು ತಪ್ಪದೆ ಹಾಕುತ್ತಾರೆ.

"ಚೇತರಿಸ್ಕೊಂಡಿದೆ ಅಲ್ವೇನೇ?"

"ಮೈ ಕೈ ತುಂಬ್ಕೊಂಡಿದೆ ರೀ," ಎಂದು ಹೆಂಡತಿ ಬಕೆಟ್ಟಿನ ಪಕ್ಕದಿಂದಲೇ ದೃಢೀಕರಿಸುತ್ತಾಳೆ.