ಏಳನೇ ಪೀಪಾಯಿಯ ಹಾಜರಿ

ಸರೋವರದ ಏಳನೇ ತೇಲುಗುರುತು ಸೋಮವಾರ ಬೆಳಿಗ್ಗೆ ತನ್ನ ಸ್ಥಾನದಿಂದ ಕಾಣೆಯಾಯಿತೆಂದೂ, ಕಚೇರಿಯ ದಾಖಲೆಯ ಪ್ರಕಾರ ಅದು ಈಗಲೂ ಅಲ್ಲೇ ಇದೆಯೆಂದೂ ಈ ಮೂಲಕ ತಿಳಿಯಪಡಿಸಲಾಗಿದೆ.

ತೇಲುಗುರುತು ಎಂಬುದು ಕಾಗದದ ಹೆಸರು. ದೋಣಿಯವರ ಬಾಯಲ್ಲಿ ಅದು ಕೆಂಪು ಪೀಪಾಯಿ. ನೀರಿನೊಳಗೆ ಬಂಡೆ ಇದೆ, ಇತ್ತ ಬರಬೇಡಿ ಎಂದು ತೋರಿಸುವುದಷ್ಟೇ ಅದರ ಕೆಲಸ. ಅಂಥ ಹನ್ನೆರಡು ಪೀಪಾಯಿಗಳ ಯೋಗಕ್ಷೇಮ ಇಪ್ಪತ್ತೆರಡು ವರ್ಷದಿಂದ ನನ್ನ ಕೈಯಲ್ಲಿದೆ. ದೋಣಿ ಹತ್ತಿದರೆ ವಾಂತಿಯಾಗುತ್ತದೆ ಎಂಬುದೊಂದನ್ನು ಬಿಟ್ಟರೆ ನಾನು ಹುಟ್ಟು ನಾವಿಕ.

ಅಂದು ದೋಣಿಯವ ಏದುಸಿರು ಬಿಡುತ್ತಾ ಬಂದ. "ಸ್ವಾಮಿ, ಏಳನೇ ಪೀಪಾಯಿ ಇಲ್ಲ. ಸರಪಳಿ ಕಿತ್ತುಹೋಗಿದೆ. ಬೆಳಿಗ್ಗೆ ದೋಣಿ ತಳ ಬಂಡೆಗೆ ಉಜ್ಜಿತು. ಒಳಗೆ ಮೂವತ್ತು ಜನ. ನಿಮ್ಮ ಮನೆಯವರೂ ಇದ್ರು."

ನನ್ನ ಹೆಂಡತಿ ಆಚೆ ದಡದ ಶಾಲೆಯಲ್ಲಿ ಟೀಚರು. ಎದ್ದು ದಡಕ್ಕೆ ಓಡಬೇಕಿತ್ತು. ಆದರೂ ಕೈ ತಾನಾಗಿಯೇ ನಮೂನೆ ನಾಲ್ಕನ್ನು ತೆಗೆಯಿತು.

"ಕಾಣೆಯಾದ ಪೀಪಾಯಿಯ ಮೇಲಿನ ಸಂಖ್ಯೆಯನ್ನ ಕಣ್ಣಾರೆ ನೋಡಿದ್ಯಾ?"

"ಇಲ್ಲದ್ದನ್ನ ಹೇಗೆ ನೋಡ್ಲಿ?"

"ಮತ್ತೆ ಏಳನೇದೇ ಅಂತ ಹೇಗೆ ಹೇಳ್ತೀಯ?"

ಅವನು ನನ್ನ ಮುಖ ನೋಡಿದ. ಆಮೇಲೆ ನಿಧಾನವಾಗಿ ಕೆಳಗೆ ನೋಡಿದ. "ಸ್ವಾಮಿ, ನೀವು ಕೂತಿರೋದು ಯಾವುದರ ಮೇಲೆ?"

ನನ್ನ ಕುರ್ಚಿ ರಿಪೇರಿಗೆ ಹೋಗಿ ಮೂರು ವರ್ಷವಾಗಿತ್ತು. ಬೆಳಿಗ್ಗೆ ಕಚೇರಿಯ ಹಿಂದಿನ ಮೆಟ್ಟಿಲಿಗೆ ಏನೋ ದುಂಡಗಿನದು ತೇಲಿಬಂದಿತ್ತು. ದೇವರೇ ಕೊಟ್ಟ ಆಸನವೆಂದು ಉರುಳಿಸಿಕೊಂಡು ಬಂದಿದ್ದೆ. ಬಗ್ಗಿ ನೋಡಿದೆ. ಬಿಳಿ ಬಣ್ಣದಲ್ಲಿ ಏಳು.

ವಿಷಯ ಮೇಲಧಿಕಾರಿಯ ಮುಂದೆ ಹೋಯಿತು.

"ಸಿಕ್ಕಿದ ಮೇಲೆ ಕಾಣೆಯಾಗಿಲ್ಲ. ನಮೂನೆ ನಾಲ್ಕು ರದ್ದು," ಎಂದರು. "ಸ್ಥಳಾಂತರಕ್ಕೆ ನಮೂನೆ ಐದು. ಸ್ಥಳಾಂತರಿಸಿದವರ ಸಹಿ ಬೇಕು."

"ಗಾಳಿ, ಸಾರ್."

"ಗಾಳಿಯ ವಿಳಾಸ?"

ವಿಳಾಸವಿದ್ದವನು ನಾನೊಬ್ಬನೇ. ಸಹಿ ಹಾಕಿದೆ. ಕೂಡಲೇ ನನ್ನ ಮೇಲೆ ತನಿಖೆ ಶುರುವಾಯಿತು; ಪೀಪಾಯಿ ಸಾಕ್ಷ್ಯವಾದ್ದರಿಂದ ಅದನ್ನು ನನ್ನ ಮೇಜಿನ ಬಳಿಯಿಂದ ಕದಲಿಸಕೂಡದೆಂದು ಆದೇಶವಾಯಿತು.

"ಅಲ್ಲೀವರೆಗೆ ಬಂಡೆಗೇನು ಗತಿ?" ದೋಣಿಯವ ಕೇಳಿದ.

ಮೇಲಧಿಕಾರಿಗಳು ನಿಯಮ ಹದಿನಾರನ್ನು ಓದಿದರು: "ತಾತ್ಕಾಲಿಕ ಗುರುತು ದುಂಡಗಿರತಕ್ಕದ್ದು, ದೂರಕ್ಕೆ ಕಾಣತಕ್ಕದ್ದು, ಇಲಾಖೆಗೆ ಸೇರಿದ್ದಾಗಿರತಕ್ಕದ್ದು." ಪುಸ್ತಕ ಮುಚ್ಚಿ ನನ್ನ ಹೊಟ್ಟೆಯನ್ನು ನೋಡಿದರು. ದೋಣಿಯವನೂ ನೋಡಿದ.

ಸಂಜೆ ಹೆಂಡತಿ ಕೇಳಿದಳು, "ರೀ, ನಾಳೆ ಬಂಡೆ ಹತ್ರ ಏನಾದ್ರೂ ಇರುತ್ತಾ? ಇಲ್ಲಾಂದ್ರೆ ನಾನು ದೋಣಿ ಹತ್ತಲ್ಲ."

"ಇರುತ್ತೆ ಕಣೇ. ಇಲಾಖೆಯ ಅತ್ಯಂತ ಅನುಭವಿ ಗುರುತನ್ನೇ ಹಾಕ್ತಿದ್ದಾರೆ."

ಅವಳು ಪೆಟ್ಟಿಗೆಯಿಂದ ಕೆಂಪು ಸ್ವೆಟರ್ ತೆಗೆದುಕೊಟ್ಟಳು.

ಬಂಡೆಯ ಮೇಲೆ ನಿಂತರೆ ನೀರು ಮೊಣಕಾಲಿಗೆ ಬರುತ್ತದೆ. ಹೋಗಿಬರುವ ದಾರಿಯಲ್ಲಿ ನನ್ನ ತಿಂಡಿ ಮೀನುಗಳ ಪಾಲು. ಆದರೆ ಅಂದಿನಿಂದ ಒಂದು ದೋಣಿಯೂ ಬಂಡೆಗೆ ತಾಕಿಲ್ಲ. ನನ್ನನ್ನು ಕಂಡೊಡನೆ ಜನ ದೂರ ಸರಿಯುವುದು ಮೊದಲೂ ಇತ್ತು. ಈಗ ಅದಕ್ಕೆ ಇಲಾಖೆಯ ಮಾನ್ಯತೆ ಸಿಕ್ಕಿದೆ.

"ರೀ, ಅಲ್ಲಾಡ್ಬೇಡಿ, ದೋಣಿ ತಿರುಗ್ತಿದೆ," ಎನ್ನುತ್ತಾ ಹೆಂಡತಿ ಹುಟ್ಟಿನ ತುದಿಗೆ ನೇತುಹಾಕಿದ ಊಟದ ಡಬ್ಬಿಯನ್ನು ನನ್ನತ್ತ ಚಾಚುತ್ತಾಳೆ.

ಕಚೇರಿಯಲ್ಲಿ ನನ್ನ ಜಾಗದಲ್ಲಿರುವ ಪೀಪಾಯಿಗೆ ದಿನವೂ ಹಾಜರಿ ಬೀಳುತ್ತಿದೆ. ಕೆಲಸದಲ್ಲಿ ಯಾವ ವ್ಯತ್ಯಾಸವೂ ಕಂಡುಬಂದಿಲ್ಲ. ತೂಕಡಿಕೆಯ ದೂರು ಮಾತ್ರ ನಿಂತಿದೆಯಂತೆ.

ಕಳೆದ ವಾರ ತನಿಖೆ ಮುಗಿದು, ಪೀಪಾಯಿಯನ್ನು ಮರಳಿ ನೀರಿಗೆ ಬಿಡಬಹುದೆಂದು ಆದೇಶ ಬಂತು. ದೋಣಿಯ ಮೂವತ್ತೂ ಜನ ಆಕ್ಷೇಪಣೆ ಸಲ್ಲಿಸಿದರು: ಈಗಿನ ಗುರುತು ಕೂಗಿದರೆ ಓಗೊಡುತ್ತದೆ, ಅದೇ ಇರಲಿ. ಮೊದಲ ಸಹಿ ನನ್ನ ಹೆಂಡತಿಯದು. ಕೊನೆಯದು ನನ್ನದು.